ಕೈ ಕಟ್ಟಿ ಕೂತ ಒಂದು ಗಂಟೆ

ಶಸ್ತ್ರಚಿಕಿತ್ಸೆಗೆ ತಾರೀಖು ಸಿಕ್ಕಿತು. ಮುಂದಿನ ತಿಂಗಳ ಎರಡನೇ ಸೋಮವಾರ. ಹೊಕ್ಕುಳ ಪಕ್ಕ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿದ್ದ ಹರ್ನಿಯಾವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ ಡಾಕ್ಟರು ಕೈ ತೊಳೆಯುತ್ತಲೇ ಕೇಳಿದರು.

"ಏನಮ್ಮ ಎತ್ತುತ್ತೀರಿ ನೀವು? ಗೋಡೌನಲ್ಲಿ ಮೂಟೆ ಹೊರೋ ಕೆಲಸಾನಾ?"

"ಇಲ್ಲ ಡಾಕ್ಟ್ರೇ, ಸ್ಕೂಲ್ ಯೂನಿಫಾರಂ ಹೊಲಿಯೋ ಕೆಲಸ. ಎತ್ತೋದು ನಮ್ಮಕ್ಕನ್ನ."

"ಎಷ್ಟು ತೂಕ ಇದಾರೆ?"

"ಎಪ್ಪತ್ತೆರಡು ಕೆಜಿ. ದಿನಕ್ಕೆ ಒಂದು ಹದಿನಾಲ್ಕು ಸಲ."

ಡಾಕ್ಟರು ನಲ್ಲಿ ನಿಲ್ಲಿಸಿದರು. "ಆಪರೇಷನ್ ಆದ್ಮೇಲೆ ಹದಿನಾಲ್ಕು ದಿನ ಒಂದು ಬಕೆಟ್ ನೀರೂ ಎತ್ತಬಾರದು. ಈ ತಾರೀಖು ಬಿಟ್ರೆ ಇನ್ನು ಎಂಟು ತಿಂಗಳಿಗೆ. ಅಷ್ಟರಲ್ಲಿ ಕರುಳು ಸಿಕ್ಕಿಹಾಕ್ಕೊಂಡ್ರೆ ತಾರೀಖು ನಾನು ಕೊಡಲ್ಲ, ಆಂಬುಲೆನ್ಸ್ ಕೊಡುತ್ತೆ."

ಹದಿನಾಲ್ಕು ದಿನ. ತಂಗಿಗೆ ಬೇಕಾಗಿದ್ದದ್ದು ಅಷ್ಟೇ. ತನ್ನ ಜಾಗದಲ್ಲಿ ಹದಿನಾಲ್ಕು ದಿನ ನಿಲ್ಲಬಲ್ಲ ಎರಡು ಕೈ.

ಅಕ್ಕ ಇಪ್ಪತ್ತಾರು ವರ್ಷ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವಳು. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ, ತಂಗಿಯನ್ನು ಓದಿಸಿ, ಹೊಲಿಗೆ ಮೆಷಿನ್ನು ಕೊಡಿಸಿ, ತಂಗಿಯ ಗಂಡ ಸತ್ತಾಗ ಅವಳನ್ನು ತನ್ನೊಟ್ಟಿಗೆ ಇಟ್ಟುಕೊಂಡವಳು. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಡಿಪೋದಲ್ಲೇ ಪಾರ್ಶ್ವವಾಯು ಬಡಿದು ಬಿದ್ದಳು. ಬಲಗೈ ಬಲಗಾಲು ಕೆಲಸ ಬಿಟ್ಟವು. ಬಾಯಿ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ಮನೆಯೆಂದರೆ ಮೊದಲ ಮಹಡಿಯ ಎರಡು ಕೋಣೆ. ಕಿಟಕಿ ಪಕ್ಕ ಅಕ್ಕನ ಮಂಚ, ಮಂಚದ ಕಾಲ ಬುಡದಲ್ಲಿ ತಂಗಿಯ ಮೆಷಿನ್ನು. ಕಾಲರು ತಿರುಗಿಸುತ್ತಲೇ ಕತ್ತೆತ್ತಿದರೆ ಅಕ್ಕನ ಮುಖ ಕಾಣಬೇಕು, ಹಾಗೆ. ಎರಡು ಗಂಟೆಗೊಮ್ಮೆ ಮೆಷಿನ್ನು ನಿಲ್ಲುತ್ತದೆ, ಅಕ್ಕನ ಮಗ್ಗುಲು ಬದಲಾಗುತ್ತದೆ. ಆರು ವರ್ಷ, ಹಗಲು ರಾತ್ರಿ, ಎರಡು ಗಂಟೆಗೊಮ್ಮೆ. ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ತಂಗಿ ಹಾಕಿರಲಿಲ್ಲ.

ಹುಡುಕಾಟ ಶುರುವಾಯಿತು. ತಮ್ಮನಿಗೆ ಫೋನ್ ಮಾಡಿದರೆ, "ನೀನಿರೋದಕ್ಕೇ ಅಕ್ಕ ಬದುಕಿದಾಳೆ ಕಣಮ್ಮಾ, ನೀನು ದೇವತೆ" ಅಂದ. ಆಮೇಲೆ ಹೆಂಡತಿಯ ಸೊಂಟನೋವಿನ ಕತೆ ಹೇಳಿ ಫೋನಿಟ್ಟ. ಹೋಂ ನರ್ಸ್ ಏಜೆನ್ಸಿಯ ಹೆಂಗಸು ಹದಿನಾಲ್ಕು ದಿನಕ್ಕೆ ಹೇಳಿದ ಮೊತ್ತ ತಂಗಿ ಮೂರು ತಿಂಗಳು ಹೊಲಿದರೂ ಹುಟ್ಟುತ್ತಿರಲಿಲ್ಲ. ಊರಾಚೆಯ ಆರೈಕೆ ಕೇಂದ್ರದವರು ಕನಿಷ್ಠ ಎರಡು ತಿಂಗಳು ಸೇರಿಸಬೇಕು, ಮುಂಗಡ ಕಟ್ಟಬೇಕು ಎಂದರು, ಜೊತೆಗೆ, "ನಿಮ್ಮಂಥವರು ಈ ಕಾಲದಲ್ಲಿ ಅಪರೂಪ" ಎಂದು ಬೆನ್ನು ತಟ್ಟಿ ಕಳಿಸಿದರು. ಆರೈಕೆ ಮಾಡುವ ಹೆಂಗಸನ್ನು ಹೊಗಳುವುದಕ್ಕೆ ಈ ಲೋಕ ಎಂದೂ ಜಿಪುಣತನ ಮಾಡಿಲ್ಲ. ಹೊಗಳಿಕೆಗೆ ಕಾಸು ಬೀಳುವುದಿಲ್ಲವಲ್ಲ.

ಕೊನೆಗೆ ತಂಗಿ ಹೊಲಿದ ಅಂಗಿಗಳಿಗೆ ಕಾಜಾ ಗುಂಡಿ ಹಾಕಿಕೊಡುವ ಗೆಳತಿ ಒಂದು ಸುದ್ದಿ ತಂದಳು. ಸರ್ಕಾರದ ಒಂದು ಯೋಜನೆ ಇದೆಯಂತೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ವರ್ಷಕ್ಕೆ ಇಷ್ಟು ದಿನ ಬಿಡುವು, ಆ ದಿನಗಳಿಗೆ ತರಬೇತಾದ ಬದಲಿಯವರು ಬರುತ್ತಾರೆ, ಸಂಬಳ ಇಲಾಖೆಯದು. ಅರ್ಜಿ ಹಾಕಬೇಕು, ಅಧಿಕಾರಿ ಮನೆಗೆ ಬಂದು ರೋಗಿಯನ್ನು ನೋಡಬೇಕು, ನೂರಕ್ಕೆ ಅರವತ್ತು ಅಂಕ ಬರಬೇಕು.

"ಅರವತ್ತಾ?" ಅಂದಳು ಅಕ್ಕ. "ಫಸ್ಟ್ ಕ್ಲಾಸೇ ಬೇಕು ಅನ್ನು. ನಾನು ಜನ್ಮದಲ್ಲಿ ನಲವತ್ತು ದಾಟಿದವಳಲ್ಲ ಕಣೇ."

ತಪಾಸಣೆಯ ದಿನ ಇಬ್ಬರೂ ಸೇರಿ ಒಂದು ತಪ್ಪು ಮಾಡಿದರು. ಹಾಸಿಗೆ ಹಿಡಿದವರನ್ನು ಒಪ್ಪವಾಗಿ ನೋಡಿಕೊಳ್ಳುವ ಮನೆಯವರು ಮಾತ್ರ ಮಾಡಬಲ್ಲ ತಪ್ಪು ಅದು. ತಂಗಿ ಬೆಳಗಿನ ಜಾವವೇ ಎದ್ದು ನೆಲ ಒರೆಸಿದಳು, ಹೊದಿಕೆ ಬದಲಾಯಿಸಿದಳು, ಮಂಚದ ಕೆಳಗಿನ ಬೇಸಿನ್ನು, ಪ್ಲಾಸ್ಟಿಕ್ ಹಾಳೆ, ರಾತ್ರಿಗೆ ಹಾಕುವ ಡಯಾಪರಿನ ಕಟ್ಟು ಎಲ್ಲವನ್ನೂ ಒಳಕೋಣೆಗೆ ಸಾಗಿಸಿ ಬಾಗಿಲೆಳೆದಳು. ಅಕ್ಕನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ, ಕುರ್ಚಿಯಲ್ಲಿ ಎರಡೂ ಕಡೆ ದಿಂಬು ಒತ್ತಿ ಕೂರಿಸಿದಳು. ಹಾಗೆಂದು ಹಟ ಹಿಡಿದದ್ದು ಅಕ್ಕನೇ.

"ಯಾರಾದ್ರೂ ಮನೆಗೆ ಬರ್ತಾರೆ ಅಂದ್ರೆ ಗಬ್ಬು ನಾರ್ತಾ ಕೂರಕ್ಕಾಗುತ್ತಾ? ನನಗೊಂದು ಮರ್ಯಾದೆ ಬೇಡ್ವಾ?"

ಹನ್ನೊಂದಕ್ಕೆ ಅಧಿಕಾರಿ ಬಂದಳು. ಮೂವತ್ತೈದರ ಆಸುಪಾಸಿನ ಸಣಕಲು ಹೆಂಗಸು, ಎದೆಗವಚಿದ ರಟ್ಟು, ರಟ್ಟಿಗೆ ಸಿಕ್ಕಿಸಿದ ನಮೂನೆ. ಪ್ರಶ್ನೆ ಕೇಳುವುದು, ಗುರುತು ಹಾಕುವುದು. ಅವಳು ಹೋದ ಮೇಲೆ ಅಕ್ಕ ಅವಳಿಗೆ 'ಟಿಕ್ ಮೇಡಂ' ಎಂದು ಹೆಸರಿಟ್ಟಳು.

"ಊಟ ನೀವೇ ಮಾಡ್ತೀರಾ?"

"ಮಾಡದೇ ಏನು? ಓಡೋ ಬಸ್ಸಲ್ಲಿ ನಿಂತ್ಕೊಂಡು ಡಬ್ಬಿ ಖಾಲಿ ಮಾಡಿದವಳು ನಾನು."

ಊಟವನ್ನು ಕಲಸಿ, ತುತ್ತು ಮಾಡಿ, ತಟ್ಟೆಯನ್ನು ಎಡಗೈಗೆ ಸಿಗುವಂತೆ ಇಡುವವರು ಯಾರು ಎಂದು ನಮೂನೆ ಕೇಳಲಿಲ್ಲ.

"ನಡೆದಾಡ್ತೀರಾ?"

"ಓಹೋ. ಬಚ್ಚಲಿಗೆ, ಕಿಟಕಿಗೆ, ಎಲ್ಲಾ ಕಡೆ."

ಯಾರ ಹೆಗಲ ಮೇಲೆ ಎಂದು ನಮೂನೆ ಕೇಳಲಿಲ್ಲ.

"ಬೆನ್ನಲ್ಲಿ, ಸೊಂಟದಲ್ಲಿ ಹಾಸಿಗೆ ಹುಣ್ಣು ಆಗಿದೆಯಾ?"

ಇದಕ್ಕೆ ತಂಗಿಯೇ ಉತ್ತರ ಕೊಟ್ಟಳು. ಅಕ್ಕನ ಅಂಗಿ ಸರಿಸಿ ಬೆನ್ನು ತೋರಿಸಿದಳು. "ಒಂದೂ ಇಲ್ಲ ಮೇಡಂ. ಆರು ವರ್ಷದಲ್ಲಿ ಒಂದೇ ಒಂದು ಇಲ್ಲ." ಹೇಳುವಾಗ ಅವಳ ಕತ್ತು ತಾನಾಗಿಯೇ ನೆಟ್ಟಗಾಗಿತ್ತು.

ಟಿಕ್.

ಹತ್ತು ದಿನಕ್ಕೆ ಕಾಗದ ಬಂತು. ನೂರಕ್ಕೆ ಇಪ್ಪತ್ತೆರಡು. "ಫಲಾನುಭವಿಯ ಸ್ಥಿತಿಯು ತೃಪ್ತಿಕರವಾಗಿದ್ದು, ಬದಲಿ ಆರೈಕೆಯ ಅಗತ್ಯವು ಕಂಡುಬಂದಿರುವುದಿಲ್ಲ."

ತೃಪ್ತಿಕರ! ಯಾರಿಂದ ತೃಪ್ತಿಕರ? ಗೋಡೆ ಬಿರುಕಿಲ್ಲದೆ ನಿಂತಿದೆ, ಆದ್ದರಿಂದ ಗಾರೆಯವನೇ ಇರಲಿಲ್ಲ ಎಂದು ಯಾವ ಇಂಜಿನಿಯರಾದರೂ ಬರೆದದ್ದುಂಟೆ? ಅಂಗಿಯ ಹೊಲಿಗೆ ಬಿಟ್ಟಿಲ್ಲ, ಆದ್ದರಿಂದ ದರ್ಜಿಗೆ ಕೂಲಿ ಬೇಡ ಎಂದು ಯಾವ ಅಂಗಡಿಯವನಾದರೂ ಬಾಯಿ ಬಿಟ್ಟು ಹೇಳಿದ್ದುಂಟೆ? ಮನೆಯೊಳಗೆ ದುಡಿಯುವವಳ ಮುಂದೆ ಮಾತ್ರ ಇಂಥ ತರ್ಕ ಮೊಹರು ಹಾಕಿಸಿಕೊಂಡು ಬರುತ್ತದೆ. ಕೆಲಸ ಕೆಟ್ಟರೆ ಅವಳ ತಪ್ಪು, ಕೆಡದಿದ್ದರೆ ಅಲ್ಲಿ ಕೆಲಸವೇ ಇರಲಿಲ್ಲ.

ತಂಗಿ ಕಾಗದ ಹಿಡಿದು ಇಲಾಖೆಗೆ ಹೋದಳು. ಕೌಂಟರಿನ ಗುಮಾಸ್ತರು ವಯಸ್ಸಾದವರು, ಕೆಟ್ಟವರಲ್ಲ. ಅರ್ಜಿ ಓದಿ, ಡಾಕ್ಟರ ಚೀಟಿ ಓದಿ, ಕನ್ನಡಕ ಹಣೆಗೇರಿಸಿ, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು.

"ಮರುತಪಾಸಣೆಗೆ ಬರ್ಕೊಡಿ, ಕಳಿಸ್ತೀನಿ. ಆದ್ರೆ ಈ ಸಲ ಇಷ್ಟು ಚೊಕ್ಕಟ ಮಾಡ್ಬೇಡೀಮ್ಮ. ಅವರು ಬರೋಕೆ ಮುಂಚೆ ಎರಡು ಮೂರು ದಿನ ಹೊರಳಿಸೋದು ಬಿಟ್ಬಿಡಿ. ಬೆನ್ನಲ್ಲಿ ಒಂದು ಹುಣ್ಣು ಎದ್ರೆ ಅದೊಂದಕ್ಕೇ ಇಪ್ಪತ್ತೈದು ಅಂಕ, ಮಿಕ್ಕಿದ್ದಕ್ಕೆ ಮನೆ ಸ್ವಲ್ಪ ಕೊಳಕಾಗಿದ್ರೆ ಸಾಕು. ಎಲ್ಲಾರೂ ಹಾಗೇ ಮಾಡೋದು."

ತಂಗಿಗೆ ಮೈ ಉರಿದುಹೋಯಿತು. ಬೈಯಬೇಕೆಂದು ಬಾಯಿ ತೆರೆದಳು. ಆ ಮುದುಕರ ಮುಖ ನೋಡಿದರೆ ನಿಜವಾಗಿಯೂ ಸಹಾಯ ಮಾಡುತ್ತಿರುವವರ ಮುಖ.

"ಸಾರ್," ಅಂದಳು, "ಆ ಬೆನ್ನು ನಾನು ಮಾಡಿದ ಕೆಲಸ. ನಾನು ಹೊಲಿದ ಬಟ್ಟೆಯನ್ನೇ ಕತ್ತರಿ ಹಾಕಿ ಹರಿ ಅಂದ್ರೆ ಹರಿಯಲ್ಲ. ಅಂಥಾದ್ರಲ್ಲಿ ನಮ್ಮಕ್ಕನ ಚರ್ಮ."

ಮರುತಪಾಸಣೆಗೆ ಬರೆದುಕೊಟ್ಟು ಬಂದಳು. ಆಪರೇಷನ್ನಿಗೆ ಇನ್ನು ಹದಿನೇಳು ದಿನ ಉಳಿದಿತ್ತು.

ಮನೆಗೆ ಬಂದು ನಡೆದದ್ದೆಲ್ಲ ಹೇಳಿದಾಗ ಅಕ್ಕ ಎಡಗೈಯಲ್ಲಿ ಬಾಯಿಗೆ ಬಡಿದುಕೊಂಡಳು.

"ಕೆಡಿಸಿದ್ದು ನನ್ನ ಬಾಯಿ ಕಣೇ. ಬಸ್ಸಲ್ಲಿ ನಿಂತು ತಿಂದೆ, ಗಿಂತು ತಿಂದೆ ಅಂತ ಬಡಾಯಿ ಕೊಚ್ಚಿದ್ದೆ. ಈ ಸಲ ಅವಳು ಬಂದ್ರೆ ನಾನು ನರಳ್ತೀನಿ. ನೀನು ನೋಡ್ತಿರು, ಹೆಂಗೆ ನರಳ್ತೀನಿ ಅಂತ. ಆ ಟಿಕ್ ಮೇಡಂ ಅತ್ತುಬಿಡಬೇಕು."

"ನಾಟಕ ಬೇಡಕ್ಕ."

"ಯಾಕೆ ಬೇಡ?"

"ಇಲ್ಲದ ಕಷ್ಟ ತೋರಿಸೋಕೆ ನಮಗೇನು ಇರೋ ಕಷ್ಟ ಕಡಿಮೆಯಾಗಿದೆಯಾ? ಸುಳ್ಳು ಹೇಳಿ ತಗೊಂಡ್ರೆ ಭಿಕ್ಷೆ ಆಗುತ್ತೆ. ಈ ಬಿಡುವು ನಂಗೆ ಬರಬೇಕಾದ್ದು."

ಅಕ್ಕ ತಂಗಿಯನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ಮೆತ್ತಗೆ ನಕ್ಕಳು.

"ಹಂಗಾದ್ರೆ ಮುಷ್ಕರ ಮಾಡು."

"ಏನು?"

"ಮುಷ್ಕರ ಕಣೇ, ಮುಷ್ಕರ. ನಾವು ಸಂಬಳಕ್ಕೆ ಅಂತ ಒಂಬತ್ತು ವರ್ಷ ಮನವಿ ಪತ್ರ ಕೊಟ್ವಿ. ಸಾಹೇಬರು ಅದ್ರ ಮೇಲೆ ಕಾಫಿ ಲೋಟ ಇಟ್ಕೊಂಡ್ರು. ಒಂದು ದಿನ ಬಸ್ಸು ತೆಗೀಲಿಲ್ಲ ನೋಡು, ಮಧ್ಯಾಹ್ನ ಹನ್ನೆರಡಕ್ಕೆಲ್ಲ ಅವರೇ ಡಿಪೋಗೆ ಓಡಿಬಂದ್ರು. ಅಧಿಕಾರಿ ಬಂದು ಕೂತ ಹೊತ್ತಿಂದ ಒಂದೇ ಒಂದು ಗಂಟೆ. ನೀನು ಕೈ ಕಟ್ಟಿ ಕೂತ್ಕೋ. ಬೆಳಗಿನ ಕೆಲಸ ಎಲ್ಲಾ ಎಂದಿನ ಹಾಗೇ ಆಗ್ಲಿ, ಏನೂ ಕೆಡಿಸೋದು ಬೇಡ. ಆ ಒಂದು ಗಂಟೆ ಮಾತ್ರ ನನ್ನ ಮುಟ್ಟಬೇಡ."

"ನಾನು ಮುಟ್ಟದಿದ್ರೆ ಕಷ್ಟ ಆಗೋದು ನಿಂಗೆ ತಾನೇ?"

"ಅದನ್ನ ನಾನು ನೋಡ್ಕೋತೀನಿ. ಮುಷ್ಕರ ಅಂದ್ರೆ ಏನು ಪಿಕ್‌ನಿಕ್ಕಾ?"

ಮರುತಪಾಸಣೆಯ ದಿನ ಮಂಚದ ಕೆಳಗಿನ ಬೇಸಿನ್ನು ಬೇಸಿನ್ನಿನ ಜಾಗದಲ್ಲೇ ಇತ್ತು. ಸ್ನಾನ ಆಗಿತ್ತು, ತಿಂಡಿ ಆಗಿತ್ತು, ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಹತ್ತು ಗಂಟೆಗೆ ಅಕ್ಕ ನೀರು ಕೇಳಿದಳು. ಒಂದು ಲೋಟ ಕುಡಿದು ಇನ್ನೊಂದು ಕೇಳಿದಳು. ಅದೂ ಮುಗಿದ ಮೇಲೆ, "ಇನ್ನೊಂದು ಕೊಡು" ಅಂದಳು. ತಂಗಿಗೆ ಆಗ ಅರ್ಥವಾಯಿತು.

"ಅಕ್ಕಾ, ಬೇಡ."

"ಕೊಡೇ ಸುಮ್ನೆ."

ಬಂದದ್ದು ಅದೇ ಟಿಕ್ ಮೇಡಂ. ಕೂತು ನಮೂನೆ ತೆಗೆಯುವಷ್ಟರಲ್ಲಿ ತಂಗಿ ಎದ್ದು ನಿಂತು, ಮನೆಗೆ ಬಂದವರಿಗೆ ಎಂದೂ ಆಡದ ಮಾತನ್ನು ಆಡಿದಳು.

"ಮೇಡಂ, ಈಗ ಹನ್ನೊಂದು ಗಂಟೆ. ಹನ್ನೆರಡರವರೆಗೆ ನಾನು ಮುಷ್ಕರದಲ್ಲಿದೀನಿ. ನೀವು ಹೋದ ಸಲ ನೋಡಿದ್ದು ನಮ್ಮಕ್ಕನ್ನ ಅಲ್ಲ, ನನ್ನ ಕೆಲಸಾನ. ಇವತ್ತು ಕೆಲಸ ಇಲ್ಲ. ನಮ್ಮಕ್ಕನ್ನ ನೋಡಿ."

ಮೆಷಿನ್ನಿನ ಸ್ಟೂಲಿನ ಮೇಲೆ ಕೂತು ಕೈ ಕಟ್ಟಿದಳು.

"ಇದೆಲ್ಲ ನಿಯಮದಲ್ಲಿ..." ಎಂದು ಶುರುಮಾಡಿದ ಅಧಿಕಾರಿಗೆ ಅಕ್ಕ, "ನಿಯಮದಲ್ಲಿ ರೋಗೀನ ನೋಡಬೇಕು ಅಂತಿದೆಯಲ್ವಾ? ನೋಡಿ. ನಾನೇ ರೋಗಿ. ಪ್ರಶ್ನೆ ಕೇಳಿ" ಅಂದಳು.

ಮೂರನೇ ಪ್ರಶ್ನೆಗೆಲ್ಲ ಅಕ್ಕ ಕುರ್ಚಿಯಲ್ಲಿ ಬಲಕ್ಕೆ ವಾಲತೊಡಗಿದಳು. ಕಾಲು ಗಂಟೆಗೊಮ್ಮೆ ತಂಗಿ ದಿಂಬು ಸರಿಮಾಡುವ ಹೊತ್ತು ಅದು. ತಂಗಿಯ ಬೆರಳುಗಳು ಕಂಕುಳಲ್ಲಿ ಬಿಗಿದವು. ಇನ್ನೈದು ನಿಮಿಷಕ್ಕೆ ಅಕ್ಕನ ತಲೆ ಗೋಡೆಗೆ ತಾಗಿತು. ಆ ವಾರೆಯಲ್ಲೇ ಅವಳು ಉತ್ತರ ಹೇಳುತ್ತಿದ್ದಳು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಂಗಿಯ ಕಡೆ ನೋಡಿದಳು. ತಂಗಿ ನೆಲ ನೋಡಿದಳು.

"ಮೇಡಂ, ನಂಗೆ ಬಚ್ಚಲಿಗೆ ಹೋಗ್ಬೇಕು" ಅಂದಳು ಅಕ್ಕ. "ನಡೆದಾಡ್ತೀರಾ ಅಂತ ಕೇಳಿದ್ರಲ್ಲ, ಬನ್ನಿ, ನಡೆಸಿ."

ಅಧಿಕಾರಿ ರಟ್ಟು ಕೆಳಗಿಟ್ಟು ಬಂದಳು. ಅಕ್ಕನ ಬಲಗೈ ಹಿಡಿದು ಎಳೆದಳು.

"ಹೋಲ್ಡಾನ್!" ಎಂದು ಅಕ್ಕ ಬಸ್ಸು ನಿಲ್ಲಿಸುವ ಗಂಟಲಲ್ಲಿ ಕೂಗಿದಳು. "ಆ ಕೈ ಎಳೆದ್ರೆ ಭುಜ ಕಳಚುತ್ತೆ."

ಹೆದರಿದ ಅಧಿಕಾರಿ ಸೊಂಟ ತಬ್ಬಿ ಎತ್ತಲು ನೋಡಿದಳು. ಎಪ್ಪತ್ತೆರಡು ಕೆಜಿ ಒಂದು ಗೇಣು ಮೇಲೆದ್ದು ದೊಪ್ಪೆಂದು ಕೂತಿತು. ಎರಡನೇ ಸಲ ಅಷ್ಟೂ ಏಳಲಿಲ್ಲ. ಅಷ್ಟರಲ್ಲಿ ಮೂರು ಲೋಟ ನೀರು ತನ್ನ ಕೆಲಸ ಮಾಡಿತು. ಕುರ್ಚಿಯಿಂದ ಇಳಿದು ನೆಲದ ಮೇಲೆ ಅಧಿಕಾರಿಯ ಚಪ್ಪಲಿಯವರೆಗೂ ಹರಿಯಿತು.

ತಂಗಿ ಎದ್ದೇಬಿಟ್ಟಳು.

"ಕೂತ್ಕೋ!" ಅಕ್ಕ ಗದರಿದಳು. ಅವಳ ಮುಖ ಕೆಂಪಾಗಿತ್ತು. ಬಂದವರ ಎದುರು ಒಂದು ಕೂದಲೂ ಕೆದರಿ ಕೂತವಳಲ್ಲ ಅವಳು. ಕಣ್ಣು ತುಂಬಿತ್ತು, ಆದರೆ ಅಧಿಕಾರಿಯ ಮುಖದಿಂದ ಕಣ್ಣು ಕೀಳಲಿಲ್ಲ. "ಬರ್ಕೊಳ್ಳಿ ಮೇಡಂ. ಗುಂಡಗೆ, ಸ್ಪಷ್ಟವಾಗಿ ಬರ್ಕೊಳ್ಳಿ."

ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತೈದು.

"ದಯವಿಟ್ಟು ನೀವು ಬನ್ನೀಮ್ಮ" ಎಂದು ಅಧಿಕಾರಿ ತಂಗಿಯನ್ನು ಬೇಡಿಕೊಂಡಳು. "ಅವರು ಒದ್ದೆಯಲ್ಲಿ ಕೂತಿದಾರೆ."

"ಇನ್ನೂ ಮೂವತ್ತೈದು ನಿಮಿಷ ಇದೆ" ಅಂದಳು ಅಕ್ಕ. "ನನ್ನ ಚರ್ಮ ತಡ್ಕೊಳ್ಳುತ್ತೆ. ಅಷ್ಟು ಚೆನ್ನಾಗಿ ಸಾಕಿದಾಳೆ."

ಆ ಸಣಕಲು ಹೆಂಗಸು ಚಪ್ಪಲಿ ಬಿಟ್ಟು, ತೋಳು ಮಡಚಿ, ತಂಗಿಯ ಕಡೆ ತಿರುಗಿದಳು.

"ಹೇಗೆ ಎತ್ತೋದು ಹೇಳಿ. ನಾನೇ ಎತ್ತುತ್ತೀನಿ."

ತಂಗಿ ಕೈ ಬಿಚ್ಚಲಿಲ್ಲ. ಬಾಯಿ ಬಿಚ್ಚಿದಳು. ತನಗೆ ಇಷ್ಟೆಲ್ಲ ಗೊತ್ತಿದೆ ಎಂಬುದು ಅವಳಿಗೇ ಆ ದಿನ ಗೊತ್ತಾಯಿತು.

"ಮೊದಲು ನೆಲ ಒರೆಸಿ, ಇಲ್ದಿದ್ರೆ ಇಬ್ರೂ ಜಾರ್ತೀರಿ. ಹಾಂ. ಈಗ ಅಕ್ಕನ್ನ ಕುರ್ಚಿ ತುದಿಗೆ ತನ್ನಿ. ಎಳೀಬೇಡಿ, ಒಂದೊಂದು ಕುಂಡೆಯಾಗಿ ಸರಿಸಿ. ನಾಚ್ಕೋಬೇಡಿ, ಅವಳಿಗೇ ನಾಚಿಕೆ ಇಲ್ಲ."

"ಇದೆ ಕಣೇ" ಅಂದಳು ಅಕ್ಕ.

"ನಿಮ್ಮ ಮಂಡಿ ಅವಳ ಬಲ ಮಂಡಿಗೆ ಒತ್ತಿ ಹಿಡೀರಿ, ಅದು ಮಡಚಿಕೊಳ್ಳಬಾರ್ದು. ಪಾದಕ್ಕೆ ಪಾದ ಅಡ್ಡ ಕೊಡಿ. ಕೈ ಅವಳ ಬೆನ್ನ ಹಿಂದೆ, ಭುಜದ ಮೂಳೆ ಕೆಳಗೆ. ನಿಮ್ಮ ಬೆನ್ನು ನೆಟ್ಟಗಿರಲಿ. ನಾನು ಅದನ್ನ ಕಲಿಯೋಕೆ ಮುಂಚೆ ಎರಡು ವರ್ಷ ತಪ್ಪಾಗಿ ಎತ್ತಿದೆ, ಅದರ ಫಲ ಹೊಟ್ಟೇಲಿದೆ. ಈಗ ಮೂರು ಸಲ ಹಿಂದೆ ಮುಂದೆ ತೂಗಿ. ಮೂರನೇ ಸಲಕ್ಕೆ ಅವಳೇ ಹೇಳ್ತಾಳೆ."

ತೂಗಿದಳು. ಒಂದು. ಎರಡು.

"ರೈಟ್!" ಅಂದಳು ಅಕ್ಕ, ಮತ್ತು ಎದ್ದು ನಿಂತಳು.

ಬಚ್ಚಲಿಗೆ ಹನ್ನೊಂದು ಹೆಜ್ಜೆ. ಒರೆಸುವುದು, ಬಟ್ಟೆ ಬದಲಿಸುವುದು, ಆಡದ ತೋಳಿಗೆ ಮೊದಲು ಅಂಗಿ ತೊಡಿಸಿ ಆಡುವ ತೋಳಿಗೆ ಆಮೇಲೆ ತೊಡಿಸುವುದು. ತಂಗಿ ಏಳು ನಿಮಿಷದಲ್ಲಿ ಮುಗಿಸುವ ಕೆಲಸ ಅಧಿಕಾರಿಗೆ ಮೂವತ್ತೆಂಟು ನಿಮಿಷ ಹಿಡಿಯಿತು. ಮುಗಿದಾಗ ಅವಳ ಕೂದಲು ಹಣೆಗೆ ಅಂಟಿತ್ತು, ಒಂದು ಕೈ ತನ್ನದೇ ಸೊಂಟ ಹಿಡಿದಿತ್ತು. ಗಂಟೆ ಹನ್ನೆರಡು ದಾಟಿ ಮೂರು ನಿಮಿಷ.

"ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ ಇವರನ್ನ?"

"ಹದಿನಾಲ್ಕು" ಅಂದಳು ತಂಗಿ.

ಅಧಿಕಾರಿ ಹೋದ ಸಲದ ನಮೂನೆಯನ್ನು ಪಕ್ಕಕ್ಕಿಟ್ಟು ಹೊಸತೊಂದನ್ನು ತೆಗೆದಳು. ಊಟ, ನಡಿಗೆ, ಬಟ್ಟೆ, ಬಚ್ಚಲು, ಒಂದೊಂದಕ್ಕೂ ಕೇಳಿ, ಯೋಚಿಸಿ ಬರೆದಳು. ಹಾಸಿಗೆ ಹುಣ್ಣಿನ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಇದಕ್ಕೆ ಏನು ಮಾಡ್ಲಿ? ಹುಣ್ಣು ಇಲ್ಲ ಅಂದ್ರೆ ಇಲ್ಲಿ ಸೊನ್ನೆ ಹಾಕಬೇಕು. ಸ್ವಲ್ಪ ಕೆಂಪಗಾಗಿದೆ ಅಂತ ಬರೆದ್ರೆ ಹತ್ತು ಅಂಕ ಕೊಡಬಹುದು. ಬರೀಲಾ?"

"ಸೊನ್ನೇನೇ ಹಾಕಿ ಮೇಡಂ" ಅಂದಳು ತಂಗಿ. "ಆರು ವರ್ಷ ದುಡಿದು ಸಂಪಾದಿಸಿದ ಸೊನ್ನೆ ಅದು."

ಅಧಿಕಾರಿ ಸೊನ್ನೆ ಹಾಕಿದಳು. ಪಕ್ಕದ ಅಂಚಿನಲ್ಲಿ, ಬರೆಯಲು ಜಾಗವೇ ಇಲ್ಲದ ಕಡೆ, ಹುಣ್ಣು ಇಲ್ಲದಿರುವುದು ತಂಗಿಯ ಆರೈಕೆಯಿಂದ ಎಂದು ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದಳು. ಆಮೇಲೆ ಕೂಡಿದಳು. ಸೊನ್ನೆಯನ್ನೂ ಸೇರಿಸಿ ಎಪ್ಪತ್ತೊಂದು.

"ಡಿಸ್ಟಿಂಕ್ಷನ್‌ಗೆ ನಾಲ್ಕು ಕಮ್ಮಿ" ಎಂದಳು ಅಕ್ಕ, ದಿಂಬಿಗೊರಗಿ.

ಹದಿನಾಲ್ಕು ದಿನಕ್ಕೆ ಮಂಜೂರಾತಿ ಆಪರೇಷನ್ನಿಗೆ ಐದು ದಿನ ಇರುವಾಗ ಬಂತು. ಹಣ ಇಲಾಖೆಯಿಂದ ನೇರವಾಗಿ ಆರೈಕೆ ಸಂಸ್ಥೆಗೆ. ಕೆಲಸ ತಿಳಿದುಕೊಳ್ಳಲೆಂದು ಹಿಂದಿನ ದಿನ ಭಾನುವಾರ ಬೆಳಗ್ಗೆಯೇ ಬದಲಿಯವಳು ಬಂದಳು. ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ಗಟ್ಟಿ ಹೆಂಗಸು, ಕೈಚೀಲದ ತುಂಬ ಸ್ವಂತ ಏಪ್ರನ್ನು. ತಂಗಿ ಅವಳಿಗೆಂದು ಎಲ್ಲವನ್ನೂ ಬರೆದಿಟ್ಟಿದ್ದಳು. ಒಂದು ಹಾಳೆ ಎಂದುಕೊಂಡು ಕೂತದ್ದು ಒಂಬತ್ತು ಹಾಳೆಯಾಗಿತ್ತು. ಬದಲಿಯವಳು ನಿಂತುಕೊಂಡೇ ಓದಲು ಶುರುಮಾಡಿ, ಮೂರನೇ ಹಾಳೆಗೆ ಕುರ್ಚಿ ಎಳೆದುಕೊಂಡು ಕೂತಳು.

"ಇದನ್ನ ಯಾರು ಹೇಳಿಕೊಟ್ರು ನಿಮಗೆ?"

"ಯಾರೂ ಇಲ್ಲ. ಅಕ್ಕನೇ ಬೈದು ಬೈದು ಕಲಿಸಿದ್ದು."

"ನಮ್ಮಲ್ಲಿ ಹೊಸದಾಗಿ ಸೇರೋರಿಗೆ ತರಗತಿ ನಡೆಯುತ್ತೆ. ಇದರ ಜೆರಾಕ್ಸ್ ತಗೊಳ್ಳಲಾ?"

ತಂಗಿ ಬಾಯಿ ತೆರೆಯುವ ಮುಂಚೆ ಅಕ್ಕನೇ ಹೇಳಿದಳು. "ತಗೊಳ್ಳಿ. ಆದ್ರೆ ಕೆಳಗೆ ಬರೆದವರು ಯಾರು ಅಂತ ಹಾಕಬೇಕು. ಹಾಕದೆ ಹಂಚಿದ್ರೆ ನಾನು ಬಿಡೋಳಲ್ಲ."

ಸೋಮವಾರ ಆಪರೇಷನ್ ಆಯಿತು. ಡಾಕ್ಟರು ಒಳಗೆ ಬಲೆಯಂಥ ತೇಪೆ ಹಾಕಿ ಹೊಲಿದಿದ್ದರು. ಎಚ್ಚರವಾದ ಮೇಲೆ ಬಟ್ಟೆ ಸರಿಸಿ ಹೊಲಿಗೆ ನೋಡಿದ ತಂಗಿ, ಪರವಾಗಿಲ್ಲ, ಒಂದೇ ಅಳತೆಯಲ್ಲಿ ಬಂದಿದೆ ಎಂದುಕೊಂಡಳು. ಮನೆಗೆ ಹೋದರೆ ಎತ್ತದೆ ಇರಲಾರಳು ಎಂದು, ಆಸ್ಪತ್ರೆಯಿಂದ ಬಿಟ್ಟ ಮೇಲೆ ಉಳಿದ ದಿನ ಗೆಳತಿಯ ಮನೆಯಲ್ಲಿರುವುದೆಂದು ತೀರ್ಮಾನವಾಗಿತ್ತು. ಮೂರನೇ ದಿನ ಬೆಳಗ್ಗೆ ವಾರ್ಡಿಗೆ ಅಕ್ಕನ ಫೋನ್ ಬಂತು.

"ಹೇಗಿದೀಯೇ?"

"ಚೆನ್ನಾಗಿದೀನಿ. ಅವರು ಸರಿಯಾಗಿ ನೋಡ್ಕೋತಿದಾರಾ?"

"ನಿನ್ನಷ್ಟಿಲ್ಲ. ತಲೆ ಬಾಚಿದ್ರೆ ಕೂದಲು ಕಿತ್ತೇ ಬಿಡ್ತಾಳೆ. ಆದ್ರೆ ಸುದ್ದಿ ಹೇಳೋದ್ರಲ್ಲಿ ನಿನಗಿಂತ ವಾಸಿ. ಇಡೀ ಊರಿನ ವಿಷಯ ಬಾಯಲ್ಲಿದೆ. ಹಿಂದಿನ ಬೀದಿಯ ಮುದುಕಪ್ಪನ ಸೊಸೆ ಅರ್ಜಿ ಹಿಡ್ಕೊಂಡು ಬಂದಿದ್ಲು, ಅವಳಿಗೂ ಹದಿನೆಂಟೇ ಅಂಕವಂತೆ. ಕೂರಿಸ್ಕೊಂಡು ಪಾಠ ಮಾಡಿ ಕಳಿಸಿದೀನಿ. ನಾಳೆ ಇನ್ನಿಬ್ರು ಬರ್ತಾರೆ."

"ಅಕ್ಕಾ, ನಾನು ಶುಕ್ರವಾರ ಒಂದು ಗಳಿಗೆ ಮನೆಗೆ ಬಂದು..."

"ಹದಿನಾಲ್ಕು ದಿನ ಮುಗಿಯೋ ತನಕ ಈ ಕಡೆ ತಲೆ ಹಾಕಿದ್ರೆ ನೋಡು. ಬಾಗಿಲು ತೆಗೆಯಲ್ಲ ನಾನು."

"ನೀನು ತೆಗೀತೀಯಾ ಬಾಗಿಲು! ಎದ್ದು ಹೋಗಿ?"

"ಸರಿ, ತೆಗೆಸಲ್ಲ."

ತಂಗಿಗೆ ನಗು ಒತ್ತರಿಸಿ ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು, ನೋವಿಗೆ ಕಣ್ಣು ಮುಚ್ಚಿ, ಮಂಚ ಅಲ್ಲಾಡುವಂತೆ ನಕ್ಕಳು. ಆಚೆ ಮಂಚದ ಹೆಂಗಸು ಗಾಬರಿಯಾಗಿ ಎದ್ದು ಕೂತಳು.

"ಯಾಕಮ್ಮಾ, ಏನಾಯ್ತು? ನರ್ಸನ್ನ ಕರೀಲಾ?"

"ಬೇಡಮ್ಮ, ಏನಿಲ್ಲ" ಅಂದಳು ತಂಗಿ, ಕಣ್ಣೊರೆಸಿಕೊಳ್ಳುತ್ತ. "ನಮ್ಮಕ್ಕ."